ಮಗ್ಗದ ಸದ್ದಿನಲ್ಲಿ ಕಲಿತ ಹಾಡು

ರೇಷ್ಮೆ ನೇಯುವ ನಮ್ಮ ಜನ ಯಾವ ಕಾಲದಲ್ಲೋ ಉತ್ತರದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಬಂದವರಂತೆ. ಬೀದಿಯಲ್ಲಿ ಕನ್ನಡ, ನೂಲಿನ ವ್ಯಾಪಾರಕ್ಕೆ ತೆಲುಗು, ಮನೆಯೊಳಗೆ ಲಿಪಿಯಿಲ್ಲದ ನಮ್ಮದೇ ಮಾತು. ಎಪ್ಪತ್ತರ ದಶಕದ ಹೊತ್ತಿಗೆ ಅದು ಅಡುಗೆಮನೆಗೆ ಸರಿದಿತ್ತು. ಹಿರಿಯರು ಅದರಲ್ಲಿ ಕೇಳಿದರೆ ನಾವು ಹುಡುಗಿಯರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆವು.

ಅಪ್ಪನ ಸೋದರತ್ತೆಗೆ ಇದನ್ನು ಕಂಡರಾಗುತ್ತಿರಲಿಲ್ಲ. ನಮ್ಮ ಮನೆಯಲ್ಲೇ ಇದ್ದ, ನಾವೆಲ್ಲ ಅಜ್ಜಿ ಎನ್ನುತ್ತಿದ್ದ ಆಕೆ, ಬೀದಿಯ ಹೆಣ್ಣುಮಕ್ಕಳನ್ನು ತನ್ನ ಕೈಮಗ್ಗದ ಕೋಣೆಗೆ ಕರೆದು ವಾರಕ್ಕೊಮ್ಮೆ ಪಾಠ ಶುರುಮಾಡಿದಳು. ನೆಂಟಸ್ತಿಕೆಯ ಹೆಸರು, ತೊಟ್ಟಿಲ ಹಾಡು, ಮದುವೆಯ ಹಾಡು. ನಡುವೆ ಕನ್ನಡ ನುಸುಳಿದರೆ ಲಾಳಿಯಿಂದ ಮಂಡಿಗೆ ಒಂದು ಏಟು. ನಾವು ನಗುತ್ತಲೇ ಕಲಿತೆವು.

ಕಲಿಯಲು ಉಳಿದದ್ದು ಒಂದೇ, ಕಳಿಸಿಕೊಡುವ ಹಾಡು. ಹೆಣ ಎತ್ತುವ ಮುಂಚೆ ಹೆಂಗಸರು ಸುತ್ತ ಕೂತು ಹೇಳುವುದು. ಒಬ್ಬಳು ಸಾಲೆತ್ತಬೇಕು, ಉಳಿದವರು ಮರುದನಿ ಕೊಡಬೇಕು. ಅದನ್ನು ಕೇಳದೆ ಹೋದ ಜೀವ ತನ್ನವರನ್ನು ಸೇರದು ಎಂದು ನಂಬಿಕೆ. ಆದರೆ ಮನೆಯಲ್ಲಿ ಹೆಣವಿಲ್ಲದಾಗ ಅದನ್ನು ಬಾಯಿಗೆ ತರುವಂತಿಲ್ಲ. ತಂದರೆ ತಿಂಗಳೊಳಗೆ ಆ ಮನೆಗೆ ಸಾವು ಬರುತ್ತದೆ. ಹಾಗಾಗಿ ಸಾವಿನ ಮನೆಯೇ ಅದಕ್ಕೆ ಪಾಠಶಾಲೆ. ಬಲ್ಲವರೆಲ್ಲ ಹೋಗಿ ಅಜ್ಜಿಯೊಬ್ಬಳೇ ಉಳಿದಿದ್ದಳು. ಬೀದಿಯಲ್ಲಿ ಯಾರಾದರೂ ಜೋರಾಗಿ ಕೆಮ್ಮಿದರೆ ನಾವು ಒಬ್ಬರ ಮುಖ ಒಬ್ಬರು ನೋಡುವಂತಾಯಿತು.

ಒಂದು ದಿನ ಪಾಠ ನಿಲ್ಲಿಸಿ ಅಜ್ಜಿ ಕೇಳಿದಳು.

"ನನ್ನ ಯಾರು ಕಳಿಸ್ತೀರಮ್ಮಾ?"

ನಮ್ಮ ಜೊತೆ ಪಾಠಕ್ಕೆ ಬರುತ್ತಿದ್ದ, ಯಾರಿಗೂ ಹೆದರದ ನನ್ನ ಅತ್ತಿಗೆ ಒಂದು ದಾರಿ ಹೇಳಿದಳು. ಅಣ್ಣ ಹಿತ್ತಲ ಶೆಡ್ಡಿನಲ್ಲಿ ಪವರ್‌ಲೂಮ್ ಹಾಕಿದ್ದ.

"ಆ ಸದ್ದಲ್ಲಿ ನಾವು ಕೂಗಿದ್ದು ನಮಗೇ ಕೇಳಲ್ಲ, ಯಮನಿಗೆ ಎಲ್ಲಿ ಕೇಳ್ತದೆ? ಅಲ್ಲೇ ಹೇಳ್ಕೊಡಿ ಅಜ್ಜಿ."

ಬೈಗುಳ ಬೀಳುತ್ತದೆಂದುಕೊಂಡಿದ್ದೆ. ಅಜ್ಜಿ ಎದ್ದು ಸೆರಗು ಹೊದ್ದು ಶೆಡ್ಡಿಗೆ ಹೊರಟಳು.

ಕಲಿಯಲು ಹೋದವರು ಅತ್ತಿಗೆ, ನಾನು, ಇಬ್ಬರೇ. ಅಣ್ಣ ಊಟಕ್ಕೆ ಹೋದಾಗ ಮಗ್ಗ ನೋಡಿಕೊಳ್ಳುವ ನೆಪ ನಮಗಿತ್ತು. ಅಜ್ಜಿ ಕಿವಿಗೆ ಬಾಯಿಟ್ಟು ಹಾಡುತ್ತಿದ್ದಳು, ನಾವು ಅವಳ ಕಿವಿಗೆ ತಿರುಗಿ ಒಪ್ಪಿಸುತ್ತಿದ್ದೆವು. ಕೆಲವೇ ಮಧ್ಯಾಹ್ನಗಳಲ್ಲಿ ಹಾಡು ಪೂರ್ತಿ ಬಂತು. ಕೊನೆಯ ಸಲ ಅಜ್ಜಿ ಗಂಟಲೆತ್ತಿ ಹಾಡುತ್ತಿರುವಾಗಲೇ ಕರೆಂಟು ಹೋಯಿತು.

ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಜ್ಜಿಯ ದನಿಯೊಂದೇ ಶೆಡ್ಡಿನಿಂದ ಮನೆಯ ತನಕ ಹೋಯಿತು. ಅವಳು ತಡೆದುಕೊಳ್ಳುವಷ್ಟರಲ್ಲಿ ಸಾಲು ಮುಗಿದಿತ್ತು. ಹೊರಗೆ ಅಮ್ಮ ಪಾತ್ರೆ ತಿಕ್ಕುವ ಸದ್ದೂ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ಅಮ್ಮ ನಮ್ಮನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅತ್ತಿಗೆ ಬಸುರಿಯೆಂಬುದು ಆಮೇಲೆ ಗೊತ್ತಾಯಿತು. ಅವತ್ತಿನಿಂದ ಅಮ್ಮ ಅವಳನ್ನು ಬಾವಿಯ ಹತ್ತಿರವೂ ಬಿಡಲಿಲ್ಲ. ಆದರೆ ಹಾಸಿಗೆ ಹಿಡಿದದ್ದು ಅಜ್ಜಿ. ಸುಮ್ಮನೆ ಜ್ವರ ಎಂದರು. ಕರೆಂಟು ಹೋದ ಆ ದಿನದಿಂದ ತಿಂಗಳಾಗುವ ಮುಂಚೆ ಹೋಗಿಬಿಟ್ಟಳು.

ಹೆಣವನ್ನು ನಮ್ಮ ಪಡಸಾಲೆಯಲ್ಲೇ ಮಲಗಿಸಿದ್ದರು. ಬಸುರಿ ಹೆಣ ನೋಡಬಾರದೆಂದು ಅತ್ತಿಗೆಯನ್ನು ಒಳಕೋಣೆಗೆ ಕಳಿಸಿದ್ದರು. ಹೆಂಗಸರು ಸುತ್ತ ಕೂತರು. ಪಾಪ, ಎಲ್ಲರನ್ನೂ ಕಳಿಸಿದವಳಿಗೆ ಹೇಳುವವರಿಲ್ಲವಲ್ಲ ಎಂದು ಯಾರೋ ಕಣ್ಣೊರೆಸಿಕೊಂಡರು. ನನಗೆ ಪ್ರತಿ ಸಾಲೂ ಬರುತ್ತಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ಹಾಡಿದರೆ, ಸಾವಿಲ್ಲದ ಮನೆಯಲ್ಲಿ ಕಲಿತೆವೆಂದು ನಾನೇ ಸಾರಿದಂತೆ. ಅಜ್ಜಿಯನ್ನು ಕೊಂದವರು ನಾವೇ ಎಂದಾಗುತ್ತಿತ್ತು. ಅಮ್ಮ ನನ್ನನ್ನೇ ನೋಡುತ್ತಿದ್ದಳು.

ಹೊರಗೆ ಚಟ್ಟ ಕಟ್ಟಿ ಮುಗಿಸಿದರು. ನಾನು ಸಾಲೆತ್ತಿದೆ.

ಅಳು ನಿಂತಿತು. ಪಕ್ಕದವರು ಮಂಡಿ ಸರಿಸಿಕೊಂಡು ದೂರವಾದರು. ಸಾಲು ಮುಗಿಸಿ ಮರುದನಿಗೆ ಕಾದೆ. ಯಾರಿಗೂ ಬರುತ್ತಿರಲಿಲ್ಲ, ಬರುವಂತೆಯೂ ಇರಲಿಲ್ಲ. ಅಷ್ಟರಲ್ಲಿ ಮುಚ್ಚಿದ ಒಳಕೋಣೆಯಿಂದ ಅತ್ತಿಗೆಯ ದನಿ ಬಂತು, ಗಟ್ಟಿಯಾಗಿ, ಒಂದಕ್ಷರವೂ ತಪ್ಪದೆ. ಎಲ್ಲರೂ ನನ್ನನ್ನು ಬಿಟ್ಟು ಆ ಬಾಗಿಲು ನೋಡಿದರು. ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಾಡು ಮುಗಿಯುವವರೆಗೆ ನಾವಿಬ್ಬರೂ ನಿಲ್ಲಿಸಲಿಲ್ಲ.

ಆಮೇಲೆ ಪಾಠ ನಡೆಯಲಿಲ್ಲ. ಬೀದಿಯ ತಾಯಂದಿರು ಮನೆಯಲ್ಲೂ ಕನ್ನಡವೇ ಸಾಕೆಂದರು. ತಿಂಗಳುಗಟ್ಟಲೆ ನಾವು ಅತ್ತಿಗೆಯ ಹೊಟ್ಟೆ ನೋಡುತ್ತಾ ಕಳೆದೆವು. ಮಗು ಚೆನ್ನಾಗಿಯೇ ಹುಟ್ಟಿತು. ತೊಟ್ಟಿಲಿಗೆ ಹಾಕುವಾಗ ಅಮ್ಮ ಮೆಲ್ಲಗೆ ಹೇಳಿದಳು:

"ಈ ಮಗು ಕಿವಿಗೆ ಆ ಮಾತು ಒಂದೂ ಬೀಳ್ಬಾರ್ದು."

ಎಲ್ಲದಕ್ಕೂ ವಾದಿಸುತ್ತಿದ್ದ ಅತ್ತಿಗೆ ಇದಕ್ಕೆ ವಾದಿಸಲಿಲ್ಲ. ಕನ್ನಡದಲ್ಲೇ ಜೋಗುಳ ಹಾಡಿದಳು. ಯಮನನ್ನೇ ಗೇಲಿ ಮಾಡಿದವಳು ಹೀಗಾದಳಲ್ಲ ಎಂದು ಸಂಕಟವಾಯಿತು. ಹೆದರಿಕೆ ನನಗೂ ಇತ್ತು. ಮಗು ನಿದ್ದೆಹೋದ ಮೇಲೆ ನಾವಿಬ್ಬರೂ ತೊಟ್ಟಿಲ ಪಕ್ಕ ಕೂತು ನಮ್ಮ ಮಾತಿನಲ್ಲಿ ಪಿಸುಗುಟ್ಟುತ್ತಿದ್ದೆವು. ಮಗು ಸ್ವಲ್ಪ ಹೊರಳಿದರೂ ಸಾಕು, ಇಬ್ಬರೂ ಬಾಯಿ ಮುಚ್ಚಿಬಿಡುತ್ತಿದ್ದೆವು.