ಅವ್ವನ ಟವಲ್ಲು

ನಂಜನಗೂಡಿನ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ಲು ಎಸೆದು ಸೀಟು ಹಿಡಿಯುವುದರಲ್ಲಿ ನಮ್ಮವ್ವನನ್ನು ಮೀರಿಸಿದವರಿಲ್ಲ. ಆ ಟವಲ್ಲನ್ನು ಸರಿಸಿ ಕೂತವರು ಊರು ಸೇರುವವರೆಗೂ ಬೈಸಿಕೊಳ್ಳುತ್ತಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆಗಿ ನೂಕುನುಗ್ಗಲು ಹೆಚ್ಚಿದ ಮೇಲಂತೂ ಅವಳ ಕೈ ಇನ್ನಷ್ಟು ಪಳಗಿತು. ಈಚೆಗೆ ಹೊಸ ಬಸ್ಸು ಬಂತು. ಅದರ ಗಾಜು ತೆಗೆಯಲು ಬರುವುದಿಲ್ಲ. ಟವಲ್ಲು ಗಾಜಿಗೆ ಬಡಿದು ಕೆಳಗೆ ಬಿತ್ತು. ತಿ. ನರಸೀಪುರದವರೆಗೂ ಅವ್ವ ನಿಂತೇ ಬಂದಳು.

ಅಲ್ಲಿ ನಾವು ಸಾಮಾನು ತರುತ್ತಿದ್ದ ದಿನಸಿ ಅಂಗಡಿ ಈಗ ಸೂಪರ್ ಮಾರ್ಕೆಟ್ ಆಗಿದೆ. ಬಿಲ್ಲು ಹಾಕಿಸಲು ಉದ್ದನೆಯ ಸಾಲು. ಅವ್ವ ಸಾಲಿನ ಕೊನೆಯಲ್ಲಿ ಟವಲ್ಲು ಹಾಸಿ, ಬೇಳೆ ಆರಿಸಲು ಹೊರಟಳು.

"ಇದು ಬಸ್ಸಲ್ಲ ಕಣವ್ವ," ಎಂದೆ.

"ಸುಮ್ಕಿರ್ಲಾ, ಇಲ್ಲೇನ್ ಗಾಜ್ ಅಡ್ಡ ಬಂದದಾ?"

ನಾಚಿಕೆಯಾಗಿ, ನಾನು ಪಕ್ಕದ ಸಾಲಿಗೆ ಹೋಗಿ ಖುದ್ದಾಗಿ ನಿಂತೆ. ಅವ್ವನ ಸಾಲು ಸರಿದಾಗಲೆಲ್ಲ ಹಿಂದಿನವನು ಅವಳ ಟವಲ್ಲನ್ನು ಜೋಪಾನವಾಗಿ ಎತ್ತಿ ಮುಂದೆ ಹಾಸುತ್ತಿದ್ದ. ಕೊನೆಗೆ ಬಿಲ್ಲು ಹಾಕುವ ಹುಡುಗಿ ಎದ್ದು ನಿಂತು ಕೂಗಿದಳು: "ಟವಲ್ನೋರು ಯಾರು? ಬನ್ನಿ, ನಿಮ್ದು ಬಂತು!"

ಅಷ್ಟರಲ್ಲಿ ನನ್ನ ಸಾಲಿನಲ್ಲಿ ಇಬ್ಬರು ನನ್ನನ್ನು ದಾಟಿ ಮುಂದೆ ಹೋಗಿದ್ದರು.