ಗುಲಾಬಿಯ ಕೋವಿಗೆ ನಮ್ಮ ಅಂಗಡಿಯ ನಂಬರು

2019ರ ಮಾರ್ಚ್ ತಿಂಗಳಲ್ಲಿ ನಾನು ಉಡುಪಿಯ ಒಂದು ಕೋವಿ ಅಂಗಡಿಯ ಕೌಂಟರಿನ ಹಿಂದೆ ಕೂತೆ. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಗೃಹಿಣಿಯಾಗಿದ್ದವಳು ನಾನು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನು ಮಕ್ಕಳ ಹೋಂವರ್ಕಿಗೂ ಬ್ಯಾಂಕಿನ ಫಾರ್ಮುಗಳಿಗೂ ಬಿಟ್ಟರೆ ಬೇರೆಲ್ಲಿಯೂ ಬಳಸಿರಲಿಲ್ಲ. ಅಂಗಡಿ ನನ್ನ ಮಾವನ ಕಾಲದ್ದು. ಗಂಡ ಸದಾನಂದರಿಗೆ ಬೆನ್ನಿನ ಆಪರೇಷನ್ ಆಗಿ, ಆರು ತಿಂಗಳು ಕುರ್ಚಿಯಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದರು. ಡೀಲರ್ ಲೈಸೆನ್ಸಿನಲ್ಲಿ ಪಾಲುದಾರಳೆಂದು ನನ್ನ ಹೆಸರೂ ಇದ್ದುದರಿಂದ ಕೀಲಿಕೈಗೊಂಚಲು ನನ್ನ ಸೆರಗಿಗೆ ಬಂತು.

ಅಂಗಡಿಯ ಹಳೆಯ ಬೋರ್ಡಿನಲ್ಲಿ ಇನ್ನೂ ‘ಶಿಕಾರಿ ಸಾಮಗ್ರಿ’ ಎಂದೇ ಬರೆದಿತ್ತು. ಶಿಕಾರಿ ಕಾನೂನಿಗೆ ವಿರುದ್ಧವಾಗಿ ಎಷ್ಟೋ ದಶಕಗಳಾದವು. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ‘ಬೆಳೆ ರಕ್ಷಣೆ’ ಲೈಸೆನ್ಸಿನ ಕೃಷಿಕರು. ತೋಟೆ, ಅಂದರೆ ಕಾರ್ಟ್ರಿಜ್, ನಳಿಗೆ ಉಜ್ಜುವ ಸರಳು, ಎಣ್ಣೆ, ಹಣೆಗೆ ಕಟ್ಟುವ ಟಾರ್ಚು ಕೊಳ್ಳುತ್ತಿದ್ದರು. ಹಳೆಯ ಕೋವಿಗಳ ಕೊಡುಕೊಳ್ಳುವಿಕೆಯೂ ಇತ್ತು. ಅದಕ್ಕೆ ಪ್ರತಿಸಲ ಸರಕಾರದ ಅನುಮತಿ ಬೇಕು. ಮೊದಲ ವಾರದಲ್ಲಿ ನಾನು ಮಾಡಿದ ಕೆಲಸವೆಂದರೆ ತೋಟೆಯ ಪೆಟ್ಟಿಗೆಗಳನ್ನು ನಂಬರಿನ ಪ್ರಕಾರ ಜೋಡಿಸಿ, ಕಪಾಟಿನ ಅಂಚಿಗೆ ಕಾಗದ ಕತ್ತರಿಸಿ ಅಂಟಿಸಿದ್ದು. ಗಂಡ ಹಾಸಿಗೆಯಿಂದಲೇ ಫೋಟೋ ನೋಡಿ, “ಇದೆಂತ, ಸಾಂಬಾರು ಪುಡಿಯ ಡಬ್ಬಿಯಾ?” ಎಂದು ನಕ್ಕಿದ್ದರು.

ಅದು ಲೋಕಸಭಾ ಚುನಾವಣೆಯ ವರ್ಷ. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸುದಾರರು ಕೋವಿಯನ್ನು ಪೊಲೀಸ್ ಠಾಣೆಯಲ್ಲಾಗಲಿ ಡೀಲರ್ ಅಂಗಡಿಯಲ್ಲಾಗಲಿ ಠೇವಣಿ ಇಡಬೇಕು. ಠಾಣೆಯಲ್ಲಿ ರಾಶಿ ಹಾಕಿದ ಕೋವಿಗೆ ತುಕ್ಕು ಹಿಡಿಯುತ್ತದೆ, ಅಂಗಡಿಯಲ್ಲಾದರೆ ಎಣ್ಣೆ ಹಾಕಿ ಇಡುತ್ತಾರೆ ಎಂಬ ನಂಬಿಕೆಯಿಂದ ದೂರದವರೂ ನಮ್ಮಲ್ಲಿಗೆ ಬರುತ್ತಿದ್ದರು. ಹಾಗೆ ಬಂದವಳು ಗುಲಾಬಿ.

ಅವಳ ಊರು ಕಾರ್ಕಳದಿಂದ ಆಚೆ, ಕಾಡಿನ ಅಂಚು. ವಯಸ್ಸು ಐವತ್ತೈದರ ಆಸುಪಾಸು. ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸ, ಮನೆ ಬದಿಯಲ್ಲಿ ಸ್ವಂತದ ಒಂದು ಗದ್ದೆ. ಗಂಡ ಸಂಜೀವ ತೀರಿಕೊಂಡ ಮೇಲೆ ಅವನ ಒಂಟಿನಳಿಗೆಯ ಕೋವಿಯ ಲೈಸೆನ್ಸ್ ಅವಳ ಹೆಸರಿಗಾಗಿತ್ತು. ಆ ದಿನ ಅವಳು ಕೋವಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಎರಡೂ ತುದಿಗೆ ಬಾಳೆಯ ನಾರು ಕಟ್ಟಿ, ಬಸ್ಸಿನಲ್ಲಿ ತಂದಿದ್ದಳು.

“ಕಂಡಕ್ಟರ್ ಕೇಳಿದ ಅಕ್ಕ, ಎಂತದು ಇದು ಉದ್ದದ್ದು ಅಂತ. ಕೋವಿ ಅಂತ ಹೇಳಿದೆ. ಚೇಂಜ್ ಇಲ್ಲ ಅಂತ ಯಾವಾಗ್ಲೂ ಜಗಳ ಮಾಡುವವ, ಇವತ್ತು ಚಿಲ್ಲರೆ ಹುಡುಕಿ ಕೊಟ್ಟ.”

“ನೀವೇ ಬಿಡ್ತೀರಾ ಕೋವಿ?”

“ಮತ್ತೆ ಯಾರು ಬಿಡುದು? ಇವರು ಕಲಿಸಿದ್ದು. ಹಂದಿಗೆ ತಾಗಿಸ್ಲಿಕ್ಕಲ್ಲ, ಮೇಲೆ ಆಕಾಶಕ್ಕೆ. ತೆನೆ ಹಾಲು ತುಂಬುವಾಗ ಒಂದು ಶಬ್ದ ಆದ್ರೆ ನಾಲ್ಕು ದಿವಸ ಆ ಬದಿಗೆ ಬರುದಿಲ್ಲ ಅವು.”

ನಾವಿಬ್ಬರೂ ಮಾತಾಡಿದ್ದು ತುಳುವಿನಲ್ಲಿ. ಆ ಮೊದಲ ದಿನವೇ ಅವಳು ನನ್ನನ್ನು ಅಕ್ಕ ಎಂದಳು, ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳಾದರೂ.

ಇಲ್ಲಿ ಒಂದು ವಿಷಯ ವಿವರಿಸಬೇಕು. ದೇಶದ ಎಲ್ಲ ಕೋವಿ ಲೈಸೆನ್ಸುಗಳನ್ನೂ ಕಂಪ್ಯೂಟರಿಗೆ ಹಾಕಿ, ಪ್ರತಿಯೊಬ್ಬರಿಗೂ ಯುಐಎನ್ ಎಂಬ ಒಂದೊಂದು ಗುರುತಿನ ಸಂಖ್ಯೆ ಕೊಡುತ್ತಿದ್ದರು. ಆ ಸಂಖ್ಯೆ ಇಲ್ಲದ ಲೈಸೆನ್ಸ್ ಪುಸ್ತಕ, ಎಷ್ಟು ಮೊಹರು ಬಿದ್ದದ್ದಾದರೂ, ಅನೂರ್ಜಿತ. ಕೊನೆಯ ದಿನವನ್ನು ಹಲವು ಸಲ ಮುಂದೂಡಿದ್ದರಿಂದ ಇನ್ನೊಮ್ಮೆ ಮುಂದೆ ಹೋದೀತು ಎಂದು ಎಲ್ಲರೂ ಹಗುರವಾಗಿದ್ದರು. ಚುನಾವಣೆ ಮುಗಿದು ಜೂನ್‌ನಲ್ಲಿ ಗುಲಾಬಿ ಕೋವಿ ಬಿಡಿಸಿಕೊಳ್ಳಲು ಬಂದಾಗ ಅವಳ ಪುಸ್ತಕದಲ್ಲಿ ಆ ಸಂಖ್ಯೆ ಇರಲಿಲ್ಲ. ಸಂಖ್ಯೆ ಇಲ್ಲದೆ ನಾನು ಕೋವಿ ಕೊಡುವಂತಿರಲಿಲ್ಲ.

ಅರ್ಜಿ ನಾನೇ ತುಂಬಿದೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡಗಿನ ಅಕ್ಷರ. ಬರೆಯುವಾಗ ನನಗೇ ಸ್ವಲ್ಪ ಹೆಮ್ಮೆ. ಮೊಬೈಲ್ ನಂಬರಿನ ಕಾಲಂ ಬಂದಾಗ ಗುಲಾಬಿ ಇಲ್ಲವೆಂದು ಕೈ ಆಡಿಸಿದಳು. ಅವಳಲ್ಲಿ ಫೋನ್ ಇರಲಿಲ್ಲ. ಮಗಳು ಮುಂಬೈಯಲ್ಲಿ, ಅವಳ ನಂಬರು ವರ್ಷಕ್ಕೆ ಎರಡು ಸಲ ಬದಲಾಗುತ್ತಿತ್ತು.

“ಅಂಗಡಿದೇ ಹಾಕುವ. ಮೆಸೇಜ್ ಬಂದ್ರೆ ನಾನು ಹೇಳ್ತೇನೆ” ಎಂದೆ.

ನಮ್ಮಲ್ಲಿ ಇದು ಹೊಸದಲ್ಲ. ರೇಷನ್ ಕಾರ್ಡಿಗೆ ಅಂಗಡಿಯವರ ನಂಬರು, ಪೆನ್ಷನ್ನಿಗೆ ಟೀಚರ ನಂಬರು, ಗ್ಯಾಸಿಗೆ ಪಕ್ಕದ ಮನೆಯ ನಂಬರು. ಕೊಟ್ಟವರೂ ಪಡೆದವರೂ ಅದನ್ನು ಒಂದು ಲೋಟ ನೀರಿನ ಉಪಕಾರದಷ್ಟೇ ಎಂದುಕೊಳ್ಳುತ್ತಾರೆ. ಗಂಡನ ಕಾಲದಲ್ಲೂ ನಮ್ಮ ನಂಬರು ಎಷ್ಟೋ ಜನರ ಕಾಗದದಲ್ಲಿ ಇತ್ತು.

ಅರ್ಜಿಯೊಂದಿಗೆ ಆಧಾರ್ ತಾಳೆಯಾಗಬೇಕಿತ್ತು. ಮಣಿಪಾಲದ ಒಂದು ಸೇವಾ ಕೇಂದ್ರಕ್ಕೆ ಅವಳ ಜೊತೆ ನಾನೇ ಹೋದೆ. ಸಣ್ಣ ಗಾಜಿನ ಮೇಲೆ ಹೆಬ್ಬೆರಳಿಟ್ಟರೆ ಕೆಂಪು ದೀಪ, ತೋರುಬೆರಳಿಟ್ಟರೆ ಕೆಂಪು ದೀಪ. ಕುರ್ಚಿಯಲ್ಲಿದ್ದ ಹೆಂಗಸು, “ತಲೆಕೂದಲಿಗೆ ಉಜ್ಜಿ ಇಡಿ ಅಮ್ಮ” ಎಂದಳು. ಉಜ್ಜಿದಳು. ಮತ್ತೆ ಕೆಂಪು. ಹತ್ತು ಬೆರಳೂ ಆಯಿತು.

ಆಗ ನಾನು ಅವಳ ಕೈ ನೋಡಿದೆ. ಗೇರುಬೀಜದ ಸಿಪ್ಪೆಯಲ್ಲಿರುವ ಸೊನೆ ಚರ್ಮವನ್ನು ಸುಡುತ್ತದೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಬೆರಳ ತುದಿಗಳು ಕಪ್ಪಗೆ, ನುಣ್ಣಗೆ, ಹೊಳೆಯ ಕಲ್ಲಿನ ಹಾಗಿದ್ದವು. ಒಂದು ಗೆರೆಯೂ ಇರಲಿಲ್ಲ.

“ಮೂವತ್ತು ವರ್ಷ ಆಯ್ತಲ್ಲ ಅಕ್ಕ” ಎಂದು ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಕೆಲವು ದಿವಸ ಬೀಜ ಮುಟ್ಟದೆ ಇದ್ರೆ ಗೆರೆ ವಾಪಸ್ ಬರ್ತದೆ” ಎಂದಳು ಕೇಂದ್ರದವಳು. “ನಮ್ಮ ಅಮ್ಮನಿಗೂ ಹಾಗೇ ಆದದ್ದು.”

ಗುಲಾಬಿ ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕೂತಳು. ದಿನಾ ತೆಂಗಿನೆಣ್ಣೆ ಹಚ್ಚಿ, ಪಾತ್ರೆ ತೊಳೆಯಲೂ ಬೂದಿ ಮುಟ್ಟದೆ, ಪ್ಲಾಸ್ಟಿಕ್ ಚೀಲ ಕೈಗೆ ಕಟ್ಟಿಕೊಂಡು ಗದ್ದೆಯ ಕಳೆ ಕಿತ್ತಳಂತೆ. “ಮದುಮಗಳು ಮೆಹಂದಿ ಹಾಕಿ ಕೂತ ಹಾಗೆ ಕೂತಿದ್ದೆ. ನೆರೆಕರೆಯವರು ಗಂಡು ಯಾರು ಅಂತ ಕೇಳ್ತಿದ್ರು” ಎಂದು ಮುಂದಿನ ತಿಂಗಳು ಬಂದಾಗ ನಗುತ್ತಾ ಹೇಳಿದಳು. ಕೈ ಮುಂದೆ ಚಾಚಿದಳು. ಕಪ್ಪು ಚರ್ಮ ಸುಲಿದು ಒಳಗಿನಿಂದ ಗುಲಾಬಿ ಬಣ್ಣದ ಎಳೆ ಚರ್ಮ, ಅದರ ಮೇಲೆ ಮಗುವಿನ ಪಾದದಲ್ಲಿರುವಷ್ಟು ನವುರಾದ ಗೆರೆಗಳು. ಯಂತ್ರದ ದೀಪ ಹಸಿರಾಯಿತು. ಕೇಂದ್ರದವಳೇ ಚಪ್ಪಾಳೆ ತಟ್ಟಿದಳು.

ಉಳಿದದ್ದು ಒಂದೇ ಹೆಜ್ಜೆ. ಲೈಸೆನ್ಸ್ ಕೊಡುವ ಜಿಲ್ಲಾಧಿಕಾರಿ ಕಚೇರಿಯಿಂದ ಮೆಸೇಜ್ ಬರುತ್ತದೆ. ಅದರಲ್ಲಿ ಹೇಳಿದ ದಿನ ಮೂಲ ಪುಸ್ತಕದೊಂದಿಗೆ ಹಾಜರಾಗಬೇಕು. ಅಲ್ಲಿಯ ತನಕ ಬೀಜದ ಕೆಲಸಕ್ಕೆ ಹೋಗುವುದಿಲ್ಲ, ಅಲ್ಲೂ ಬೆರಳು ಕೇಳಿದರೆ ಎಂತ ಮಾಡುವುದು ಎಂದು ಗುಲಾಬಿ ತೀರ್ಮಾನಿಸಿದಳು. ಗದ್ದೆಯಲ್ಲಿ ಪೈರು ಮೊಣಕಾಲಿಗೆ ಬಂದಿತ್ತು.

ಅವಳು ಪಕ್ಕದ ಮನೆಯ ಫೋನಿನಿಂದ ಕರೆ ಮಾಡುತ್ತಿದ್ದಳು. “ಬಂತಾ ಅಕ್ಕ?”

“ಇಲ್ಲ ಮಾರಾಯ್ತಿ. ಬಂದ್ರೆ ಹೇಳದೆ ಇರ್ತೇನಾ?”

ಒಂದು ವಾರ ಬಿಟ್ಟು ಮತ್ತೆ. ಇನ್ನೊಂದು ವಾರ ಬಿಟ್ಟು ಮತ್ತೆ. ಮೂರನೆಯ ಸಲ ನಾನು ಗಿರಾಕಿಯೊಬ್ಬರಿಗೆ ಏರ್‌ಗನ್ನಿನ ಪೆಲೆಟ್ ಕಟ್ಟಿ ಕೊಡುತ್ತಾ, ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು, ಇಲ್ಲ ಎಂದಿದ್ದೆ.

ಸೆಪ್ಟೆಂಬರ್ ಕೊನೆಗೆ ತೆನೆ ಹಾಲು ತುಂಬಿತು. ಗುಲಾಬಿ ಗದ್ದೆಯ ಸುತ್ತ ಹಳೆ ಸೀರೆ ಕಟ್ಟಿದಳು, ಡಬ್ಬ ಬಡಿದಳು. ಎರಡೇ ರಾತ್ರಿಯಲ್ಲಿ ಹಂದಿಗಳು ಮುಕ್ಕಾಲು ಗದ್ದೆ ಉತ್ತು ಹಾಕಿದವು. ಮರುದಿನ ಅವಳು ಫೋನ್ ಮಾಡಲಿಲ್ಲ, ನೇರ ಬಂದಳು. ಕಾಲಿನಲ್ಲಿ ಗದ್ದೆಯ ಕೆಸರು ಒಣಗಿ ಬಿಳಿಯಾಗಿತ್ತು. ಇಬ್ಬರೂ ಕಚೇರಿಗೆ ಹೋದೆವು.

ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕಿ, ಬಾಗಿಲ ಬಳಿ ನಿಂತಿದ್ದ ಗುಲಾಬಿಗಲ್ಲ, ಮೇಜಿನೆದುರಿದ್ದ ನನಗೆ ತಗ್ಗಿದ ದನಿಯಲ್ಲಿ ಹೇಳಿದರು: “ಆಗಸ್ಟಲ್ಲೇ ಮೆಸೇಜ್ ಹೋಗಿದೆ ಮೇಡಂ. ಡೆಲಿವರ್ಡ್ ಅಂತ ಉಂಟಲ್ಲ. ಹಾಜರಾಗಲಿಲ್ಲ ಅಂತ ಅರ್ಜಿ ಕ್ಲೋಸ್ ಆಗಿದೆ. ಈ ಸಲ ಕೊನೆಯ ದಿನ ಮುಂದೆ ಹೋಗ್ಲಿಲ್ಲ.” ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿದ್ದದ್ದು ನಮ್ಮ ಅಂಗಡಿಯ ನಂಬರು. ದಿನ, ಒಂದು ಶುಕ್ರವಾರ.

ಪ್ರತಿ ಶನಿವಾರ ಅಂಗಡಿ ಮುಚ್ಚುವ ಮೊದಲು ನಾನು ಕೌಂಟರಿನ ಗಾಜು ಒರೆಸಿ, ಕಸ ಗುಡಿಸಿ, ಕೊನೆಗೆ ಫೋನನ್ನೂ ಚೊಕ್ಕ ಮಾಡುತ್ತಿದ್ದೆ. ಸಾಲ ಬೇಕಾ, ರೀಚಾರ್ಜ್ ಮಾಡಿ, ಸೀರೆಗೆ ರಿಯಾಯಿತಿ. ಕಳಿಸಿದವರ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಿದ್ದ ಮೆಸೇಜುಗಳನ್ನು ತೆರೆಯದೆಯೇ ಒಟ್ಟಿಗೆ ಆರಿಸಿ ಅಳಿಸುವುದು. ಫೋನ್ ಖಾಲಿಯಾದಾಗ ತೊಳೆದ ಸಿಂಕ್ ನೋಡಿದ ಹಾಗೆ ಸಮಾಧಾನ ಆಗುತ್ತಿತ್ತು. ಗುಲಾಬಿಗೆ ಬಂದ ಮೆಸೇಜನ್ನೂ ಹಾಗೆಯೇ ತೊಳೆದು ಹಾಕಿದ್ದೆ.

ಆ ದಿನ ನಾನು ಗುಲಾಬಿಗೆ ನಿಜ ಹೇಳಲಿಲ್ಲ. “ಮೆಸೇಜ್ ಎಲ್ಲೋ ಮಿಸ್ ಆಗಿದೆಯಂತೆ” ಎಂದಷ್ಟೇ ಹೇಳಿದೆ. ಅವಳು ನಂಬಿದಳು. ಗಂಡನಿಗೆ ಹೇಳಿದೆ. ಅವರು ಆಗ ಎದ್ದು ಓಡಾಡುತ್ತಿದ್ದರು. “ನಾವು ಬೇಕೂಂತ ಮಾಡಿದ್ದಲ್ಲ. ಹೊಸ ಅರ್ಜಿ ಹಾಕ್ಲಿ. ಇಲ್ಲದಿದ್ರೆ ಕೋವಿ ಮಾರಿ ಕೊಡುವ” ಎಂದರು.

ಹೊಸ ಲೈಸೆನ್ಸೆಂದರೆ ಪೊಲೀಸ್ ವರದಿ, ತರಬೇತಿ ಸರ್ಟಿಫಿಕೇಟು, ಮತ್ತೆ ಬೆರಳು. ಅಷ್ಟು ಹೊತ್ತಿಗೆ ಗುಲಾಬಿ ಬೀಜದ ಕೆಲಸಕ್ಕೆ ಮರಳಲೇಬೇಕಾಗಿತ್ತು. ಇನ್ನು ರಜೆ ಕೇಳಿದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಅವಳು ಮಾರಲು ಒಪ್ಪಿದಳು.

ಮಾರಾಟಕ್ಕೆ ಕಷ್ಟವಾಗಲಿಲ್ಲ. ಆ ವರ್ಷ ನಮ್ಮ ವ್ಯಾಪಾರ ಎಂದಿಗಿಂತ ಜೋರು. ಸಂಖ್ಯೆ ಸಿಗದ ಹಳ್ಳಿಯವರ ಕೋವಿಗಳು ಅಂಗಡಿಗೆ ಬಂದು ಬೀಳುತ್ತಿದ್ದವು, ಸಂಖ್ಯೆ ಸಿಕ್ಕಿದ ಪೇಟೆಯವರು ಕೊಳ್ಳುತ್ತಿದ್ದರು. ಗುಲಾಬಿಯ ಕೋವಿಯನ್ನು ತೆಗೆದುಕೊಂಡವರು ಗಲ್ಫಿನಿಂದ ಮರಳಿ ಕಾಪುವಿನಲ್ಲಿ ಸಮುದ್ರದೆದುರು ಮನೆ ಕಟ್ಟಿದವರು. ಎಲ್ಲ ದಾಖಲೆ ಫೋನಿನಲ್ಲೇ ತೋರಿಸಿದರು. ಕೋವಿಯ ಹಿಡಿಯ ಮೇಲೆ ಸಂಜೀವನ ಕೆನ್ನೆ ತಾಗಿ ತಾಗಿ ಪಾಲಿಶ್ ಹೋದ ಜಾಗವನ್ನು ಬೆರಳಿನಿಂದ ಸವರಿ, “ಇದನ್ನು ಹೊಸತು ಮಾಡಿ ಕೊಡ್ಲಿಕ್ಕಾಗ್ತದಾ?” ಎಂದು ಕೇಳಿದರು. ಆಗುತ್ತದೆ ಎಂದರು ನನ್ನ ಗಂಡ.

ಒಪ್ಪಿಗೆ ಪತ್ರಕ್ಕೆ ಗುಲಾಬಿ ಬಂದಳು. ಅವಳಿಗೆ ಸಹಿ ಬರುತ್ತಿರಲಿಲ್ಲ. ಮಸಿಯ ಪ್ಯಾಡ್ ಮುಂದಿಟ್ಟೆ. ಕಾಗದದ ಮೇಲೆ ಹೆಬ್ಬೆಟ್ಟು ಬಿತ್ತು. ಅಲ್ಲಲ್ಲಿ ಮಾಸಿದ, ಆದರೂ ಎಣಿಸಬಹುದಾದ ಗೆರೆಗಳು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

“ಗುಲಾಬಿ, ಮೆಸೇಜ್ ಬಂದಿತ್ತು. ನಾನೇ ಅಳಿಸಿದ್ದು, ಗೊತ್ತಾಗದೆ.”

ಅವಳು ಹೆಬ್ಬೆರಳಿನ ಮಸಿಯನ್ನು ಚಿಂದಿಬಟ್ಟೆಗೆ ಒರೆಸುತ್ತಿದ್ದಳು, ನಿಲ್ಲಿಸಲಿಲ್ಲ. ಪೂರ್ತಿ ಒರೆಸಿದ ಮೇಲೆ ಕೇಳಿದಳು:

“ನಾನು ಫೋನ್ ಮಾಡಿದಾಗ ನೀವು ಇಲ್ಲ ಹೇಳಿದ್ದು, ನೋಡಿ ಹೇಳಿದ್ದಾ, ನೋಡದೆ ಹೇಳಿದ್ದಾ?”

“ನೋಡದೆ” ಎಂದೆ.

“ಮೂರು ಸಲವೂ?”

ನಾನು ತಲೆ ಆಡಿಸಿದೆ. ಅವಳು ಬಟ್ಟೆಯನ್ನು ಮಡಚಿ ಕೌಂಟರಿನ ಮೇಲಿಟ್ಟಳು. “ಬಸ್ಸಿಗೆ ಹೊತ್ತಾಯ್ತು” ಎಂದಳು. ಅಕ್ಕ ಎನ್ನಲಿಲ್ಲ. ಆಮೇಲೆ ಅವಳು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಈಗ ಗದ್ದೆ ಮಾಡುವುದಿಲ್ಲವಂತೆ, ಬೀಜದ ಕೆಲಸ ಮಾತ್ರ ಎಂದು ಆ ಕಡೆಯ ಗಿರಾಕಿಯೊಬ್ಬರು ಹೇಳಿದರು. ಅವಳ ಬೆರಳು ಮತ್ತೆ ನುಣ್ಣಗಾಗಿರಬೇಕು.

ಗಂಡ ಪೂರ್ತಿ ಗುಣವಾದರೂ ನಾನು ಅಂಗಡಿ ಬಿಡಲಿಲ್ಲ. ಕಾಗದದ ಕೆಲಸ ಇಂದಿಗೂ ನನ್ನದೇ. ಈ ಕೆಲಸ ನನಗೆ ಕಲಿಸಿದ ಪಾಠ ಇಷ್ಟೇ: ಇನ್ನೊಬ್ಬರ ಹೆಸರಿನೆದುರು ನಮ್ಮ ನಂಬರು ಬರೆದ ಗಳಿಗೆಯಿಂದ ನಾವು ಅವರ ಕಣ್ಣು ಕಿವಿಯಾಗುತ್ತೇವೆ, ಅದಕ್ಕೆ ರಜೆಯಿಲ್ಲ. ಅಷ್ಟು ಮಾಡಲಾಗದಿದ್ದರೆ ಬರೆಯಬಾರದು. ನನ್ನಿಂದಾಗದು ಎಂದು ನನಗೆ ಗೊತ್ತಾಗಿದೆ, ಹಾಗಾಗಿ ಬರೆಯುವುದಿಲ್ಲ.

ಆದರೆ ಈ ಪಾಠದಿಂದ ಯಾರಿಗೆ ಒಳ್ಳೆಯದಾಯಿತೋ ಕಾಣೆ. ಕಳೆದ ಮಳೆಗಾಲದಲ್ಲಿ ಪೆರ್ಡೂರಿನ ಕಡೆಯ ಒಬ್ಬ ಹಿರಿಯರು ಲೈಸೆನ್ಸ್ ನವೀಕರಣದ ಫಾರ್ಮ್ ಹಿಡಿದು ಬಂದರು. ಫೋನ್ ಇಲ್ಲ, ಮನೆಯಲ್ಲಿ ಬೇರೆ ಯಾರೂ ಇಲ್ಲ.

“ನಿಮ್ಮದೊಂದು ನಂಬರ್ ಹಾಕಿ ಅಕ್ಕ.”

ಅದು ಆಗುವುದಿಲ್ಲ, ನಿಮ್ಮದೇ ಒಂದು ಸಣ್ಣ ಫೋನ್ ತೆಗೆದುಕೊಳ್ಳಿ, ನೋಡುವುದು ಹೇಗೆಂದು ನಾನು ಕಲಿಸಿ ಕೊಡುತ್ತೇನೆ ಎಂದೆ. ಅವರು ತಮ್ಮ ಕನ್ನಡಕದ ಒಂದು ಬದಿಗೆ ಕಟ್ಟಿದ್ದ ದಾರವನ್ನು ಸರಿಮಾಡಿಕೊಂಡು ನನ್ನನ್ನು ನೋಡಿದರು.

“ಒಂದು ನಂಬರ್ ಬರೀಲಿಕ್ಕೆ ಎಂತ ಖರ್ಚುಂಟು ನಿಮಗೆ?”

“ಆಗುದಿಲ್ಲ” ಎಂದೆ.

ಫಾರ್ಮನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿ, ಕೊಡೆ ಬಿಡಿಸಿಕೊಂಡು ಅವರು ಇಳಿದು ಹೋದರು. ಮತ್ತೆ ಬರಲಿಲ್ಲ.