ಮೇಜಿನ ಮೇಲೆ ಐದು ಸಲ

ನಾನು ಓದಿದ್ದು ಏಳನೇ ಕ್ಲಾಸು, ತಂಗಿ ಎಂಟು. ಮದುವೆಯಾಗಿ ಇಬ್ಬರೂ ಅಮೆರಿಕದ ಮಿಲ್ಪಿಟಾಸ್‌ಗೆ ಬಂದೆವು. ಉದ್ದದ ಇಂಗ್ಲಿಷ್ ಪದ ಓದುವುದನ್ನು ನಾನು ಕಲಿತದ್ದು ಇಲ್ಲಿನ ಲೈಬ್ರರಿಯಲ್ಲಿ, ದೊಡ್ಡವರ ಕ್ಲಾಸಿನಲ್ಲಿ. ಮೊದಲು ಪದದ ಬಾಲ ಕತ್ತರಿಸಬೇಕು, ಆಮೇಲೆ ತಲೆ. ಉಳಿದದ್ದನ್ನು ತುಂಡು ಮಾಡಿ, ಆಮೇಲೆ ಎಲ್ಲವನ್ನೂ ಸೇರಿಸಿ, ತುಂಡಿಗೊಂದು ಸಲ ಬೆರಳಿನಿಂದ ಮೇಜು ತಟ್ಟುತ್ತಾ ಹೇಳಬೇಕು. ತಂಗಿಗೆ ಇದನ್ನು ಕಲಿಸಿದವಳು ನಾನೇ. ಅವಳು ಡೇಕೇರ್ ಕೆಲಸಕ್ಕೆಂದು ಪರೀಕ್ಷೆಗೆ ಓದುತ್ತಿದ್ದಳು.

ವರಮಹಾಲಕ್ಷ್ಮಿ ಹಬ್ಬದ ದಿನ ನನ್ನ ಮನೆಗೆ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದಿದ್ದರು. ಅವರಲ್ಲೊಬ್ಬರು ಇಂಜಿನಿಯರು. ಅವರ ಮಗಳಿಗೆ ಕಡಲೆಕಾಯಿ ತಿಂದರೆ ಉಸಿರು ಕಟ್ಟುತ್ತದೆ. ಆಕೆ ಮಾತಿನಲ್ಲಿ ಮುಳುಗಿದ್ದಾಗ ಮಗು ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಹಾಕಿತು. ತಂಗಿ ಅದನ್ನು ಕಿತ್ತುಕೊಂಡು ಹಿಂದಿನ ಸಣ್ಣಕ್ಷರ ಓದತೊಡಗಿದಳು. ಒಂದು ಪದದಲ್ಲಿ ನಿಂತಳು. ಬೆರಳು ಮೇಜಿನ ಮೇಲೆ ಬಿತ್ತು.

“ಕನ್. ಟ್ಯಾಮ್. ಇ. ನೇ. ಷನ್.”

“ಏನ್ರೀ ಇದು, ಸಂಗೀತದ ಕ್ಲಾಸಾ? ತಾಳ ಹಾಕ್ತಿದ್ದೀರಾ?” ಎಂದರು ಇಂಜಿನಿಯರು. ಎಲ್ಲರೂ ನಕ್ಕರು. ತಂಗಿ ನನ್ನ ಮುಖ ನೋಡಿದಳು. ನಾನೂ ನಕ್ಕೆ. ಸಾಲದ್ದಕ್ಕೆ, “ಅವಳು ಹಾಗೇ ರೀ, ಒಂದನೇ ಕ್ಲಾಸಿನ ಮಗು ಥರ,” ಎಂದೆ.

“ಇದರಲ್ಲಿ ಕಡಲೆಕಾಯಿ ಸೇರಿರಬಹುದಂತೆ. ಮಗೂಗೆ ಕೊಡಬೇಡಿ,” ಎಂದು ಹೇಳಿ ತಂಗಿ ಹೊರಟುಬಿಟ್ಟಳು. ಪರೀಕ್ಷೆಯ ಪುಸ್ತಕವನ್ನೂ ಸೋಫಾದ ಮೇಲೇ ಬಿಟ್ಟಳು.

ಎಂಥ ಜನ! ಮಗುವನ್ನು ಕಾಪಾಡಿದವಳಿಗೆ ಒಂದು ಥ್ಯಾಂಕ್ಸ್ ಇಲ್ಲ. ಇವರ ಮಕ್ಕಳಿಗೂ ಶಾಲೆಯಲ್ಲಿ ಹೀಗೇ ತಟ್ಟಿಸಿ ಕಲಿಸುತ್ತಾರೆ. ಮಕ್ಕಳು ತಟ್ಟಿದರೆ ವಿಡಿಯೊ ಮಾಡಿ ಊರಿಗೆ ಕಳಿಸುತ್ತಾರೆ; ನಲವತ್ತರ ಹೆಂಗಸು ತಟ್ಟಿದರೆ ನಗೆಪಾಟಲು. ಆದರೆ ಅವರನ್ನು ಬಯ್ಯಲು ನನಗೆ ಮುಖವೆಲ್ಲಿದೆ? ಔಷಧಿ ಡಬ್ಬಿ ಓದುವಾಗ ಇವತ್ತಿಗೂ ನಾನು ತೊಡೆ ತಟ್ಟಿಕೊಳ್ಳುತ್ತೇನೆ, ಮೇಜಿನ ಕೆಳಗೆ, ಯಾರಿಗೂ ಕಾಣದ ಹಾಗೆ.

ತಂಗಿ ಪರೀಕ್ಷೆಯೇ ಬೇಡವೆಂದಳು. ನಾನು ಫೋನಿನಲ್ಲಿ ತಪ್ಪಾಯಿತೆಂದು ಅತ್ತುಬಿಟ್ಟೆ.

“ನನ್ನ ಹತ್ರ ಯಾಕಕ್ಕಾ ಅಳ್ತೀಯ? ಕಲಿಸಿದ್ದು ನೀನೇ ಅಂತ ಅವರಿಗೆ ಹೇಳಿದ್ಯಾ?”

“ಇಲ್ಲ.”

“ಮೊದಲು ಅದನ್ನ ಹೇಳು.”

ಮುಂದಿನ ಶುಕ್ರವಾರ ಇಂಜಿನಿಯರಮ್ಮನ ಮನೆಯಲ್ಲಿ ಭಜನೆಯಿತ್ತು. ಅದೇ ಬಿಸ್ಕತ್ತಿನ ಖಾಲಿ ಪೊಟ್ಟಣವನ್ನು ಅವರ ಮೇಜಿನ ಮೇಲಿಟ್ಟು, ಐದು ಸಲ ತಟ್ಟಿ ಆ ಪದ ಓದಿದೆ. “ನನ್ನ ತಂಗಿಗೆ ಇದನ್ನ ಕಲಿಸಿದ್ದು ನಾನು. ನಾನೂ ಹೀಗೇ ಓದೋದು. ಅವತ್ತು ನಕ್ಕಿದ್ದು ನನ್ನ ತಪ್ಪು. ನಿಮ್ಮದೂ.”

ಪೊಟ್ಟಣ ಎತ್ತಿಕೊಂಡು ಹೊರಬಂದೆ. ಕಾರಿನಲ್ಲಿ ಕೂತು ತಂಗಿಗೆ ಫೋನ್ ಮಾಡಿದೆ.

“ನಕ್ಕರಾ?”

“ಇಲ್ಲ.”

“ನಗ್ತಾರೆ ಬಿಡು, ನೀನು ಹೋದ್ಮೇಲೆ. ನನ್ನ ಪುಸ್ತಕ ನಿನ್ನ ಮನೇಲೇ ಇದೆ. ಬರೋವಾಗ ತಗೊಂಡು ಬಾ.”